ಮಳೆಗೆ ಸದ್ದು ಮಾಡುವ ಟವರ್ ಲೈನ್, ಬಿಸಿಲಿಗೆ ಸದ್ದು ಮಾಡುವ ಊರ ಲೈನ್: ಯಾವುದಕ್ಕೆ ಹೆದರಬೇಕು?

ತೆಂಗಿನತೋಟ_ತಿಪಟೂರು

ಎಲ್ಲರಿಗೂ ನಮಸ್ಕಾರ. ತಿಪಟೂರು ಸಮೀಪದ ನಮ್ಮ ತೋಟದ ಒಂದು ಅಂಚಿನ ಮೇಲೆ 220 ಕೆ.ವಿ. ಟವರ್ ಲೈನ್ ಹಾದುಹೋಗಿದೆ. ಲೈನ್ ಎಳೆದು ಬಹಳ ವರ್ಷಗಳಾದವು. ಅದರ ಕೆಳಗಿದ್ದ ತೆಂಗಿನ ಮರಗಳನ್ನು ಆಗಲೇ ತೆಗೆಸಿ ಪರಿಹಾರವನ್ನೂ ಕೊಟ್ಟಿದ್ದಾರೆ, ಆ ಬಗ್ಗೆ ನನ್ನ ತಕರಾರಿಲ್ಲ. ನನ್ನನ್ನು ಕಾಡುತ್ತಿರುವುದು ಅದರ ಸದ್ದು. ಬಿಸಿಲಿನ ದಿನಗಳಲ್ಲಿ ಏನೂ ಕೇಳಿಸುವುದಿಲ್ಲ. ಸೋನೆ ಹಿಡಿದಾಗ ಮತ್ತು ಮಂಜು ಬಿದ್ದ ನಸುಕಿನಲ್ಲಿ ಮಾತ್ರ ಕಾದ ಎಣ್ಣೆಗೆ ನೀರು ಬಿದ್ದಂತೆ ಚರಚರ ಸದ್ದು, ಅದರ ಅಡಿಯಲ್ಲಿ ಒಂದು ಗುಂಯ್‌ಗುಡುವ ಶ್ರುತಿ. ತೋಟದ ಮೂಲೆಯ ಟವರಿನ ತಂತಿಯನ್ನು ತೂಗುಹಾಕಿರುವ ಒಂದು ಪಿಂಗಾಣಿ ಇನ್ಸುಲೇಟರ್ ಸರದ ತುದಿಯಲ್ಲಿ ಕತ್ತಲಾದ ಮೇಲೆ ನೇರಳೆ ಬಣ್ಣದ ಸಣ್ಣ ಬೆಳಕೂ ಕಾಣುತ್ತದೆ.

ಇನ್ನೊಂದು ಲೈನಿನ ನಡತೆ ಇದಕ್ಕೆ ಸಂಪೂರ್ಣ ತದ್ವಿರುದ್ಧ. ಮನೆಯ ಹಿಂದೆ ಹೋಗುವ 11 ಕೆ.ವಿ. ಲೈನಿನ ಒಂದು ಕಂಬ ಒಣ ಹವೆಯಲ್ಲಿ, ಅದರಲ್ಲೂ ಗಾಳಿ ಬೀಸುವಾಗ, ಟಿಕ್‌ಟಿಕ್ ಎನ್ನುತ್ತದೆ. ಆಗ ನಮ್ಮ ತಂದೆಯವರು ಹಾಕಿಕೊಳ್ಳುವ ರೇಡಿಯೊದಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೇಂದ್ರ ಕೇಳಲಾಗದಷ್ಟು ಕರಕರ ಬರುತ್ತದೆ. ಮಳೆ ಬಿದ್ದರೆ ಇದು ತಣ್ಣಗಾಗುತ್ತದೆ.

ಟವರ್ ಲೈನಿನ ಕೆಳಗೆ ಕಲ್ಲುಕಂಬಗಳಿಗೆ ಬಿಗಿದ ನಮ್ಮ ತಂತಿಬೇಲಿ ಮುಟ್ಟಿದರೆ ಕೆಲವೊಮ್ಮೆ ಕೈ ಜುಮ್ಮೆನ್ನುತ್ತದೆ. ನನ್ನ ಅಕ್ಕನ ಮಗ ಒಂದು ಹಳೆಯ ಟ್ಯೂಬ್‌ಲೈಟನ್ನು ಲೈನಿನ ಕೆಳಗೆ ಕತ್ತಲಲ್ಲಿ ಹಿಡಿದು, ಅದು ಮಂದವಾಗಿ ಹೊತ್ತಿಕೊಂಡದ್ದನ್ನು ತೋರಿಸಿದ ಮೇಲಂತೂ ಮನೆಯವರೆಲ್ಲ ದಿಗಿಲುಗೊಂಡಿದ್ದಾರೆ. ವಿದ್ಯುತ್ ನೆಲಕ್ಕೆ ಸೋರುತ್ತಿದೆಯೇ? ಮಳೆಯಲ್ಲಿ ತೋಟದಲ್ಲಿ ಕೆಲಸ ಮಾಡುವವರಿಗೆ ಇದರಿಂದ ಅಪಾಯವಿದೆಯೇ? ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಭೌತಶಾಸ್ತ್ರದ_ಮೇಷ್ಟ್ರು

ತಾವು ಕೇಳುತ್ತಿರುವ ಚರಚರ ಸದ್ದಿಗೆ ಕಾರಣ ಕರೋನಾ ವಿಸರ್ಜನೆ. ವಿದ್ಯುತ್ ನೆಲಕ್ಕೆ ಸೋರುತ್ತಿಲ್ಲ. ತಂತಿಗೆ ಅಂಟಿಕೊಂಡಿರುವ ತೆಳುವಾದ ಗಾಳಿಯ ಪದರವೊಂದು ಮಾತ್ರ ತನ್ನ ನಿರೋಧಕ ಗುಣವನ್ನು ಕಳೆದುಕೊಳ್ಳುತ್ತಿದೆ.

ಗಾಳಿಯಲ್ಲಿ ಸ್ವತಂತ್ರ ಎಲೆಕ್ಟ್ರಾನುಗಳು ಯಾವಾಗಲೂ ಬೆರಳೆಣಿಕೆಯಷ್ಟಾದರೂ ಇರುತ್ತವೆ. ವಿದ್ಯುತ್ ಕ್ಷೇತ್ರ ಸಾಕಷ್ಟು ತೀವ್ರವಾಗಿದ್ದರೆ ಇವು ವೇಗ ಪಡೆದು ಅಣುಗಳಿಗೆ ಬಡಿದು, ಅವುಗಳಿಂದ ಮತ್ತಷ್ಟು ಎಲೆಕ್ಟ್ರಾನುಗಳನ್ನು ಕಿತ್ತು ಹೊರಹಾಕುತ್ತವೆ. ಹೊರಬಂದವು ಪುನಃ ಅದೇ ಕೆಲಸಕ್ಕೆ ತೊಡಗುತ್ತವೆ. ಸಮುದ್ರಮಟ್ಟದ ಒತ್ತಡದಲ್ಲಿ, ಕ್ಷೇತ್ರ ಎಲ್ಲೆಡೆ ಏಕರೂಪವಾಗಿರುವಾಗ, ಇದು ಸೆಂಟಿಮೀಟರಿಗೆ ಸುಮಾರು 30 ಕಿಲೋವೋಲ್ಟ್ ಇದ್ದಲ್ಲಿ ಆರಂಭವಾಗುತ್ತದೆ. ಏಟು ತಿಂದ ಸಾರಜನಕದ ಅಣುಗಳು ನೇರಳೆ ಮತ್ತು ಅತಿನೇರಳೆ ಬೆಳಕನ್ನು ಸೂಸುತ್ತವೆ. ಆದರೆ ತಂತಿಯ ಮೇಲ್ಮೈಯಲ್ಲಿ ಗರಿಷ್ಠವಾಗಿರುವ ಕ್ಷೇತ್ರ ದೂರ ಹೋದಂತೆ ಬೇಗನೆ ಕುಗ್ಗುವುದರಿಂದ, ಈ ಸರಣಿ ತಂತಿಯ ಆಸುಪಾಸಿನಲ್ಲೇ ಹುಟ್ಟಿ ಅಲ್ಲೇ ನಿಂತುಹೋಗುತ್ತದೆ. ಅದಕ್ಕೇ ಅದು ಮಿಂಚಿನ ಹಾಗೆ ನೆಲ ಮುಟ್ಟುವುದಿಲ್ಲ.

ತಮ್ಮ ಲೈನಿಗೇ ಲೆಕ್ಕ ಹಾಕಿ ನೋಡೋಣ. 220 ಕೆ.ವಿ. ಎಂದರೆ ಎರಡು ತಂತಿಗಳ ನಡುವಿನ ವೋಲ್ಟೇಜು. ತಂತಿಗೂ ನೆಲಕ್ಕೂ ಇರುವುದು ಸುಮಾರು 127 ಕೆ.ವಿ. ತಂತಿಯ ವ್ಯಾಸ 28 ಮಿಲಿಮೀಟರ್, ತಂತಿಗಳ ನಡುವಿನ ಅಂತರ ಏಳೆಂಟು ಮೀಟರ್ ಎಂದಿಟ್ಟುಕೊಂಡರೆ ಮೇಲ್ಮೈಯ ಕ್ಷೇತ್ರ ಸೆಂಟಿಮೀಟರಿಗೆ ಸುಮಾರು 14 ಕಿಲೋವೋಲ್ಟ್ ಆಗುತ್ತದೆ. ಕರೋನಾ ಯಾವ ಮಟ್ಟದಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಎಂಜಿನಿಯರ್ ಎಫ್. ಡಬ್ಲ್ಯೂ. ಪೀಕ್ ಕಳೆದ ಶತಮಾನದ ಎರಡನೆಯ ದಶಕದಲ್ಲಿ ಪ್ರಯೋಗಗಳಿಂದ ಕಂಡುಕೊಂಡ ಸೂತ್ರವೊಂದಿದ್ದು, ಅದರಲ್ಲಿ ತಂತಿಯ ದಪ್ಪ, ಗಾಳಿಯ ಸಾಂದ್ರತೆ ಮತ್ತು ತಂತಿಯ ಮೇಲ್ಮೈ ಎಷ್ಟು ನುಣುಪಾಗಿದೆ ಎಂಬ ಮೂರೂ ಸೇರುತ್ತವೆ. ತಿಪಟೂರು ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವುದರಿಂದ ಅಲ್ಲಿನ ಗಾಳಿ ಕರಾವಳಿಗಿಂತ ಸುಮಾರು ಶೇಕಡಾ 10ರಷ್ಟು ತೆಳು. ಆದ್ದರಿಂದ ಕರೋನಾ ಅಷ್ಟರಮಟ್ಟಿಗೆ ಬೇಗ ಹುಟ್ಟುತ್ತದೆ. ಇದನ್ನೆಲ್ಲ ಸೇರಿಸಿದರೆ ಒಣಗಿದ, ಹೆಣೆದ ತಂತಿಗೆ ಮಿತಿ 20 ಕಿಲೋವೋಲ್ಟಿನ ಹತ್ತಿರ ಬರುತ್ತದೆ. ಇರುವುದು 14, ಬೇಕಾದದ್ದು 20. ಬಿಸಿಲಿನಲ್ಲಿ ತಮ್ಮ ಲೈನ್ ಸುಮ್ಮನಿರುವುದು ಇದಕ್ಕಾಗಿಯೇ.

ಮಳೆ ಬಂದಾಗ ತಂತಿಯ ತಳದಲ್ಲಿ ಹನಿಗಳು ತೂಗುತ್ತವೆ. ಕ್ಷೇತ್ರದ ಸೆಳೆತಕ್ಕೆ ಪ್ರತಿ ಹನಿಯೂ ಕೆಳಮುಖವಾಗಿ ಚೂಪಾಗಿ ಚಾಚಿಕೊಳ್ಳುತ್ತದೆ, ಚೂಪಾದ ತುದಿಯಲ್ಲಿ ಕ್ಷೇತ್ರ ಹಲವು ಪಟ್ಟು ಹೆಚ್ಚುತ್ತದೆ. ಸೂತ್ರದಲ್ಲಿನ ನುಣುಪಿನ ಅಂಕಿ (ಪೂರ್ತಿ ನುಣುಪಾದ ತಂತಿಗೆ ಅದು 1) 0.6ಕ್ಕೆ ಇಳಿದರೂ ಸಾಕು, ಮಿತಿ 14ರ ಮಟ್ಟಕ್ಕೆ ಬಂದುಬಿಡುತ್ತದೆ. ವಿಸರ್ಜನೆ ವೋಲ್ಟೇಜಿನ ಏರಿಳಿತದ ತುತ್ತತುದಿಗಳಲ್ಲಿ ಮಾತ್ರ ಸಿಡಿಯುವುದರಿಂದ ಚರಚರ ಸದ್ದಾಗುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ತುದಿಗಳು ಸೆಕೆಂಡಿಗೆ ನೂರು. ತಂತಿಯ ಸುತ್ತಲಿನ ಅಯಾನುಗಳು, ಅಂದರೆ ವಿದ್ಯುದಾವೇಶ ಪಡೆದ ಗಾಳಿಯ ಕಣಗಳು, ಅದೇ ಲಯದಲ್ಲಿ ಹಿಂದೆ ಮುಂದೆ ಓಲಾಡುತ್ತವೆ. ತಾವು ಹೇಳಿದ ಗುಂಯ್‌ಗುಡುವ ಶ್ರುತಿ ಆ 100 ಹರ್ಟ್ಸಿನ ಸ್ವರ.

ನಸುಕಿನಲ್ಲಿ ಸದ್ದು ಹೆಚ್ಚಲು ಮಂಜಿನ ಜೊತೆಗೆ ಇನ್ನೆರಡು ಕಾರಣಗಳಿವೆ. ಆ ಹೊತ್ತಿನಲ್ಲಿ ಬಳಕೆ ಕಡಿಮೆಯಿರುವುದರಿಂದ ತಂತಿ ಬಿಸಿಯಾಗಿರುವುದಿಲ್ಲ, ಹನಿಗಳು ಆರುವುದಿಲ್ಲ. ಲೋಡ್ ಕಡಿಮೆಯಾದಾಗ ಲೈನಿನ ವೋಲ್ಟೇಜು ಕೊಂಚ ಏರುತ್ತದೆ ಕೂಡ.

ಟ್ಯೂಬ್‌ಲೈಟ್ ಹೊತ್ತಿದ್ದಕ್ಕೂ ಕರೋನಾಕ್ಕೂ ಸಂಬಂಧವಿಲ್ಲ. ಲೈನಿನ ಕೆಳಗಿನ ಕ್ಷೇತ್ರವೇ ಟ್ಯೂಬಿನೊಳಗಿನ ಕಡಿಮೆ ಒತ್ತಡದ ಅನಿಲವನ್ನು ಬೆಳಗಿಸುತ್ತದೆ. ಲೈನ್ ಎಷ್ಟೇ ಸುಸ್ಥಿತಿಯಲ್ಲಿದ್ದರೂ, ಆಕಾಶ ಎಷ್ಟೇ ಶುಭ್ರವಾಗಿದ್ದರೂ ಇದು ನಡೆಯುತ್ತದೆ. ಇಂಗ್ಲೆಂಡಿನ ರಿಚರ್ಡ್ ಬಾಕ್ಸ್ ಎಂಬ ಕಲಾವಿದರು 2004ರಲ್ಲಿ ಲೈನಿನ ಕೆಳಗಿನ ಹೊಲವೊಂದರಲ್ಲಿ 1,301 ಟ್ಯೂಬುಗಳನ್ನು ನೆಟ್ಟು, ಯಾವ ಸಂಪರ್ಕವೂ ಇಲ್ಲದೆ ಬೆಳಗಿಸಿದ್ದರು. ಆದರೆ ಹುಡುಗನಿಗೆ ಗಟ್ಟಿಯಾಗಿ ಹೇಳಿ: ಟ್ಯೂಬನ್ನು ಎತ್ತರದ ಕೋಲಿಗೆ ಕಟ್ಟಿ ಮೇಲಕ್ಕೆತ್ತುವ ಪ್ರಯೋಗಕ್ಕೆ ಅವನು ಇಳಿಯಬಾರದು.

ನಿವೃತ್ತ_ಪ್ರಸರಣ

ಮೇಷ್ಟ್ರ ವಿವರಣೆ ಸರಿಯಾಗಿದೆ, ಆದರೆ ನೇರಳೆ ಬೆಳಕಿನ ವಿಷಯವನ್ನು ಅವರು ಬೇಗ ದಾಟಿಬಿಟ್ಟರು ಎಂಬುದು ನನ್ನ ಅಭಿಪ್ರಾಯ. ಪ್ರಸರಣ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. 220 ಕೆ.ವಿ.ಯಲ್ಲಿ ಮಳೆಗೆ ತಂತಿಯುದ್ದಕ್ಕೂ ಸದ್ದು ಬರುವುದು ಸಹಜ. ಆದರೆ ಸಾಲಿನ ಅಷ್ಟೂ ಟವರುಗಳ ಪೈಕಿ ಒಂದೇ ಟವರಿನ ಒಂದೇ ಸರದಲ್ಲಿ ಬರಿಗಣ್ಣಿಗೆ ಕಾಣುವಷ್ಟು ಬೆಳಕು ನಿಲ್ಲುತ್ತದೆಯೆಂದರೆ ಅಲ್ಲಿ ಏನೋ ಚೂಪಾಗಿದೆ ಎಂದರ್ಥ: ತಂತಿಯ ಒಂದೆಳೆ ತುಂಡಾಗಿ ಹೊರಚಾಚಿರಬಹುದು, ಸ್ಪ್ಲಿಟ್ ಪಿನ್ ಹೊರಬಂದಿರಬಹುದು, ಪಿಂಗಾಣಿ ಬಿಲ್ಲೆಗಳಲ್ಲಿ ಒಂದೆರಡು ಒಡೆದು ಉಳಿದವುಗಳ ಮೇಲೆ ಹೆಚ್ಚಿನ ವೋಲ್ಟೇಜು ಬೀಳುತ್ತಿರಬಹುದು. ಮಳೆಯಿಲ್ಲದ ಒಣ ರಾತ್ರಿಯಲ್ಲೂ ಆ ಬೆಳಕು ಕಂಡರೆ, ಟವರಿನ ಮೇಲಿನ ಫಲಕದಲ್ಲಿರುವ ಲೈನಿನ ಹೆಸರು ಮತ್ತು ಟವರ್ ಸಂಖ್ಯೆಯನ್ನು ಬರೆದುಕೊಂಡು ಹತ್ತಿರದ 220 ಕೆ.ವಿ. ಉಪಕೇಂದ್ರಕ್ಕೆ ಲಿಖಿತವಾಗಿ ಕೊಡಿ. ಬರೀ ‘ನಮ್ಮ ತೋಟದ ಟವರ್’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಸೂರ್ಯನ ಬೆಳಕು ಅಡ್ಡಬಾರದ 240ರಿಂದ 280 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆಯನ್ನು ಮಾತ್ರ ಹಿಡಿಯುವ ಕ್ಯಾಮೆರಾಗಳು ಈಗ ಬಂದಿರುವುದರಿಂದ, ಹಗಲಿನಲ್ಲೇ, ಲೈನ್ ಚಾಲೂ ಇರುವಾಗಲೇ, ವಿಸರ್ಜನೆಯ ಜಾಗವನ್ನು ಗುರುತಿಸಲು ಸಾಧ್ಯ.

ಇನ್ನು 11 ಕೆ.ವಿ. ಲೈನ್. ನನ್ನನ್ನು ಕೇಳಿದರೆ ತಾವು ಹೆದರಬೇಕಾದದ್ದು ಇದಕ್ಕೇ. ಮೇಷ್ಟ್ರ ಲೆಕ್ಕವನ್ನೇ ಇದಕ್ಕೂ ಹಾಕಿ. ತಂತಿಗೂ ನೆಲಕ್ಕೂ 6.35 ಕೆ.ವಿ., ಊರ ಲೈನುಗಳಲ್ಲಿ ಸಾಮಾನ್ಯವಾದ ರ‍್ಯಾಬಿಟ್ ತಂತಿಯ ವ್ಯಾಸ 10 ಮಿಲಿಮೀಟರ್, ತಂತಿಗಳ ನಡುವೆ ಸುಮಾರು ಒಂದು ಮೀಟರ್. ಮೇಲ್ಮೈಯ ಕ್ಷೇತ್ರ ಸೆಂಟಿಮೀಟರಿಗೆ 2.4 ಕಿಲೋವೋಲ್ಟ್ ದಾಟುವುದಿಲ್ಲ. ಬೇಕಾದದ್ದರ ಹತ್ತನೆಯ ಒಂದು ಪಾಲಷ್ಟೇ ಇರುವಾಗ ತಂತಿಯಲ್ಲಿ ಕರೋನಾ ಹುಟ್ಟುವ ಮಾತೇ ಇಲ್ಲ. ಹಾಗಿದ್ದೂ ಸದ್ದು ಬರುತ್ತಿದೆಯೆಂದರೆ ಎಲ್ಲೋ ಎರಡು ಲೋಹಗಳ ನಡುವೆ ಸಣ್ಣ ಸಂದು ಬಿದ್ದು ಅದರಲ್ಲಿ ಕಿಡಿ ಹಾರುತ್ತಿದೆ. ಇನ್ಸುಲೇಟರಿನ ಕುತ್ತಿಗೆಗೆ ತಂತಿ ಕಟ್ಟಿದ ಬೈಂಡಿಂಗ್ ಸಡಿಲವಾಗಿರಬಹುದು, ಪಿನ್ ಅಲ್ಲಾಡುತ್ತಿರಬಹುದು, ತಂತಿಗಳನ್ನು ಜೋಡಿಸುವ ತುಂಡು ತಂತಿ (ಜಂಪರ್) ಸರಿಯಾಗಿ ಕೂರದಿರಬಹುದು ಅಥವಾ ಪಿಂಗಾಣಿ ಬಿರುಕು ಬಿಟ್ಟಿರಬಹುದು. ಒಣಗಿದಾಗ ಸಂದು ಸಂದಾಗಿಯೇ ಇರುತ್ತದೆ, ಗಾಳಿಗೆ ಅಲುಗಿದರೆ ಕಿಡಿ ಹೆಚ್ಚುತ್ತದೆ. ಮಳೆಯಾದಾಗ ನೀರು ಎರಡು ಬದಿಗಳನ್ನೂ ಬೆಸೆದು ಕಿಡಿ ನಿಲ್ಲುತ್ತದೆ. ಮಳೆಗೆ ಹೆಚ್ಚುವುದು ಕರೋನಾ, ಮಳೆಗೆ ಅಡಗುವುದು ಸಡಿಲ ಜೋಡಣೆ. ಮಳೆಯಲ್ಲಿ ಸದ್ದು ನಿಂತಿತೆಂದು ಲೈನ್ ಸರಿಹೋಯಿತು ಎಂದುಕೊಳ್ಳಬಾರದು. ಬಿರುಕುಬಿಟ್ಟ ಪಿಂಗಾಣಿಯೊಳಕ್ಕೆ ನೀರು ಇಳಿದು ವಿದ್ಯುತ್ ಅಡ್ಡತೋಳಿಗೆ, ಅಲ್ಲಿಂದ ಕಂಬಕ್ಕೆ ಹರಿಯುವ ಅಪಾಯ ಇರುವುದೇ ಆಗ. ಸಡಿಲ ಬೈಂಡಿಂಗ್ ದಿನಗಳೆದಂತೆ ತಂತಿಯನ್ನು ಸವೆಸಿ ಒಂದು ಗಾಳಿಯ ರಾತ್ರಿ ತುಂಡರಿಸಿ ಬೀಳಿಸುತ್ತದೆ.

ಯಾವ ಕಂಬವೆಂದು ಪತ್ತೆಮಾಡಲು ತಮ್ಮ ತಂದೆಯವರ ರೇಡಿಯೊ ಸಾಕಷ್ಟು ಸಹಾಯ ಮಾಡುತ್ತದೆ, ಆದರೆ ಮೀಡಿಯಂ ವೇವ್ ಅನ್ನು ಪೂರ್ತಿ ನಂಬಬೇಡಿ. ಆ ಆವರ್ತನದ ಗದ್ದಲ ತಂತಿಯ ಗುಂಟ ಬಹುದೂರ ಹರಿಯುವುದರಿಂದ ಹತ್ತಾರು ಕಂಬಗಳ ಬಳಿ ಒಂದೇ ಸಮನೆ ಕೇಳುತ್ತದೆ. ಆವರ್ತನ ಹೆಚ್ಚಿದಷ್ಟೂ ಗದ್ದಲ ಮೂಲದ ಹತ್ತಿರವೇ ಉಳಿಯುವುದರಿಂದ, ಶಾರ್ಟ್ ವೇವ್ ಬ್ಯಾಂಡಿನ ಮೇಲ್ತುದಿಯಲ್ಲಿ, ಕೇಂದ್ರವಿಲ್ಲದ ಜಾಗಕ್ಕೆ ಮುಳ್ಳನ್ನಿಟ್ಟು ನಡೆದು ನೋಡಿ. ಕಂಬವನ್ನಾಗಲಿ ಸ್ಟೇ ತಂತಿಯನ್ನಾಗಲಿ ಮುಟ್ಟದೆ, ಬಡಿದು ನೋಡದೆ, ಕಂಬದ ಗುರುತು ಹೇಳಿ 1912ಕ್ಕೆ ಕರೆಮಾಡಿ ದೂರು ಸಂಖ್ಯೆ ಪಡೆದುಕೊಳ್ಳಿ.

ಕುಂದಾಪುರದವ

ಕರಾವಳಿಯಿಂದ ಒಂದು ಮಾತು ಸೇರಿಸುತ್ತೇನೆ. ನಿವೃತ್ತ ಎಂಜಿನಿಯರರು ಹೇಳಿದ ‘ಮಳೆಗೆ ಹೆಚ್ಚುವುದು ಕರೋನಾ’ ಎಂಬ ನಿಯಮ ಕಡಲ ತೀರದಲ್ಲಿ ಪೂರ್ತಿ ನಿಲ್ಲುವುದಿಲ್ಲ. ಇಲ್ಲಿ ಡಿಸೆಂಬರಿನಿಂದ ಮೇ ತನಕ ಮಳೆಯಿಲ್ಲದೆ ಇನ್ಸುಲೇಟರುಗಳ ಮೇಲೆ ಉಪ್ಪು ಮತ್ತು ಕೆಮ್ಮಣ್ಣಿನ ಧೂಳು ಪದರಗಟ್ಟುತ್ತದೆ. ಒಣಗಿರುವಷ್ಟು ಕಾಲ ಅದರಿಂದ ತೊಂದರೆಯಿಲ್ಲ. ಮುಂಗಾರಿಗೆ ಮುಂಚಿನ ಮೊದಲ ತುಂತುರು ಅಥವಾ ಇಬ್ಬನಿ ಬಿದ್ದಾಗ ಆ ಪದರ ನೆನೆದು ವಾಹಕವಾಗಿ, ಪಿಂಗಾಣಿಯ ಮೈಮೇಲೆಯೇ ಸಣ್ಣ ಪ್ರಮಾಣದ ವಿದ್ಯುತ್ ಹರಿಯತೊಡಗುತ್ತದೆ. ಹರಿದ ವಿದ್ಯುತ್ತಿನ ಶಾಖಕ್ಕೆ ಅಲ್ಲಲ್ಲಿ ಕಿರಿದಾದ ಪಟ್ಟಿಗಳು ಒಣಗುತ್ತವೆ, ಇಡೀ ವೋಲ್ಟೇಜು ಆ ಒಣ ಪಟ್ಟಿಗಳ ಮೇಲೆ ಬಿದ್ದು ಅವುಗಳನ್ನು ದಾಟಿ ಕಿಡಿ ಹಾರುತ್ತದೆ. ಈ ಕಿಡಿ ಕರೋನಾದಂತೆ ನೇರಳೆಯಲ್ಲ; ಹಳದಿ, ಕಿತ್ತಳೆ ಬಣ್ಣದ್ದು, ಬಿಲ್ಲೆಯ ಮೇಲೆ ಹರಿದಾಡುವಂಥದ್ದು. ಅದು ಬೆಳೆದು ಸರದ ಉದ್ದಕ್ಕೂ ಹಬ್ಬಿದರೆ ಲೈನ್ ಟ್ರಿಪ್ ಆಗುತ್ತದೆ. ವಿಚಿತ್ರವೆಂದರೆ ಜೋರಾಗಿ ಸುರಿದ ಮಳೆ ಇದನ್ನು ಗುಣಪಡಿಸುತ್ತದೆ, ಉಪ್ಪೆಲ್ಲ ತೊಳೆದುಹೋಗುತ್ತದೆ. ಉತ್ತರ ಭಾರತದ ಚಳಿಗಾಲದ ಮಂಜಿನಲ್ಲಿ ಲೈನುಗಳು ಟ್ರಿಪ್ ಆಗುವುದೂ ಇದೇ ಬಗೆಯಲ್ಲಿ, ಅಲ್ಲಿ ಉಪ್ಪಿನ ಬದಲು ಕಾರ್ಖಾನೆ ಮತ್ತು ಇಟ್ಟಿಗೆಗೂಡುಗಳ ಮಸಿ. ನೀರು ಹರಡದೆ ಮುತ್ತಿನಂತೆ ನಿಲ್ಲುವ ಸಿಲಿಕೋನ್ ರಬ್ಬರಿನ ಇನ್ಸುಲೇಟರುಗಳನ್ನು ಎರಡೂ ಕಡೆ ಹಾಕುತ್ತಿರುವುದು ಈ ಕಾರಣಕ್ಕೆ.

ಬಂಗಾರಪೇಟೆ_ಓದುಗ

ನಮ್ಮ ಕಡೆಯ ಅನುಭವ ಇದಕ್ಕೆ ಹೊಂದುತ್ತಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ಏಕಮುಖ ವಿದ್ಯುತ್ತಿನ, ಅಂದರೆ ಡಿ.ಸಿ.ಯ, 500 ಕೆ.ವಿ. ಲೈನ್ ಸಂಬಂಧಿಕರ ಜಮೀನಿನ ಬಳಿ ಹೋಗಿದೆ. ಅದು ಒಣ ಹವೆಯಲ್ಲೂ ಸಿಡಿಗುಡುತ್ತದೆ, ಮಳೆ ಬಂದರೆ ಸದ್ದು ಹೆಚ್ಚುವ ಬದಲು ತಗ್ಗುತ್ತದೆ. ಅಷ್ಟು ದೊಡ್ಡ ಲೈನಿನಲ್ಲೂ ಜೋಡಣೆ ಸಡಿಲವಾಗಿದೆ ಎಂದೇ ತಿಳಿಯಬೇಕೇ? ಇನ್ನೊಂದು ಸಂದೇಹ: 400 ಕೆ.ವಿ. ಲೈನುಗಳಲ್ಲಿ ಒಂದರ ಬದಲು ಎರಡೆರಡು ತಂತಿಗಳನ್ನು ಜೊತೆಯಾಗಿ ಎಳೆಯುವುದಕ್ಕೂ ಈ ವಿಷಯಕ್ಕೂ ಸಂಬಂಧವಿದೆಯೇ?

ಭೌತಶಾಸ್ತ್ರದ_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಸಡಿಲ ಜೋಡಣೆಯಲ್ಲ, ಡಿ.ಸಿ. ಲೈನಿನ ಸ್ವಭಾವವೇ ಬೇರೆ. ಎ.ಸಿ.ಯಲ್ಲಿ ಪ್ರತಿ ಅರ್ಧ ಆವರ್ತಕ್ಕೊಮ್ಮೆ ದಿಕ್ಕು ಬದಲಾಗುವುದರಿಂದ, ಹೊರಗೆ ಹೊರಟ ಅಯಾನುಗಳಲ್ಲಿ ಬಹುಪಾಲು ಮರಳಿ ತಂತಿಯತ್ತ ಎಳೆಯಲ್ಪಡುತ್ತವೆ. ಡಿ.ಸಿ.ಯಲ್ಲಿ ಅವು ಮರಳುವುದಿಲ್ಲ. ನೆಲದತ್ತಲೂ ಎದುರು ಧ್ರುವದ ತಂತಿಯತ್ತಲೂ ಸಾಗುತ್ತ ನಡುವಿನ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ. ಮಳೆಯಲ್ಲಿ ವಿಸರ್ಜನೆಯ ಬಿಂದುಗಳು ಬಹಳ ಹೆಚ್ಚಿದಾಗ ತಂತಿಯ ಸುತ್ತ ಅದೇ ಧ್ರುವದ ಅಯಾನುಗಳು ದಟ್ಟವಾಗಿ ಕವಿದು, ತಂತಿಯ ಮೇಲಿನ ಕ್ಷೇತ್ರವನ್ನು ತಾವೇ ತಗ್ಗಿಸುತ್ತವೆ. ಇದರಿಂದ ದೊಡ್ಡ ಸಿಡಿತಗಳ ಜಾಗದಲ್ಲಿ ಸಣ್ಣಪುಟ್ಟ ವಿಸರ್ಜನೆಗಳಷ್ಟೇ ಉಳಿದು ಕಿವಿಗೆ ಸದ್ದು ಕಡಿಮೆಯಾಗುತ್ತದೆ. ಕಿವಿಗೊಟ್ಟು ಕೇಳಿದರೆ ಆ ಸದ್ದು ಮುಖ್ಯವಾಗಿ ಧನ ಧ್ರುವದ ತಂತಿಯಿಂದ ಬರುವುದೂ ಗೊತ್ತಾಗುತ್ತದೆ, 100 ಹರ್ಟ್ಸಿನ ಶ್ರುತಿಯಂತೂ ಅಲ್ಲಿ ಇರುವುದಿಲ್ಲ.

ಜೋಡಿ ತಂತಿಗಳಿಗೂ ಕರೋನಾಕ್ಕೂ ನೇರ ಸಂಬಂಧವಿದೆ. ತಂತಿ ದಪ್ಪವಾದಷ್ಟೂ ಮೇಲ್ಮೈಯ ಕ್ಷೇತ್ರ ಕಡಿಮೆಯಾಗುತ್ತದೆ, ಆದರೆ ಗಟ್ಟಿ ದಪ್ಪ ತಂತಿಯ ಭಾರವನ್ನು ಟವರು ಹೊರಬೇಕಲ್ಲ. ಆದ್ದರಿಂದ ಎರಡು ತಂತಿಗಳನ್ನು 45 ಸೆಂಟಿಮೀಟರ್ ಅಂತರದಲ್ಲಿ ಜೊತೆಗೂಡಿಸಿದರೆ, ಕ್ಷೇತ್ರದ ಮಟ್ಟಿಗೆ ಅವು ಸೇರಿ ಒಂದು ಬಹಳ ದಪ್ಪ ತಂತಿಯಂತೆ ವರ್ತಿಸುತ್ತವೆ. ನಮ್ಮ 400 ಕೆ.ವಿ. ಲೈನುಗಳಲ್ಲಿ ಎರಡು ಅಥವಾ ನಾಲ್ಕು, 765 ಕೆ.ವಿ.ಯಲ್ಲಿ ನಾಲ್ಕು ಅಥವಾ ಆರು, ಮಧ್ಯಪ್ರದೇಶದ ಬೀನಾದಲ್ಲಿರುವ 1,200 ಕೆ.ವಿ. ಪರೀಕ್ಷಾ ಲೈನಿನಲ್ಲಿ ಎಂಟು ತಂತಿಗಳಿವೆ. ಸರದ ತುದಿಗೆ ತೊಡಿಸುವ ಲೋಹದ ಬಳೆಯ ಕೆಲಸವೂ ಇಂಥದ್ದೇ. ಬೋಲ್ಟು, ಪಿನ್ನುಗಳ ಚೂಪು ತುದಿಗಳನ್ನು ಅದು ಕ್ಷೇತ್ರದಿಂದ ಮರೆಮಾಡುತ್ತದೆ.

ಕೋಲಾರದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ಎಳೆದ ಲೈನಿನ ವೋಲ್ಟೇಜು ಸುಮಾರು 35 ಕೆ.ವಿ. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಅಮೆರಿಕದ ಕೊಲೊರಾಡೋದ ಟೆಲುರೈಡ್ ಎಂಬ ಎತ್ತರದ ಗಣಿಯೂರಿನಲ್ಲಿ ಪ್ರಯೋಗ ಮಾಡಿದವರು, ವೋಲ್ಟೇಜು 50 ಕೆ.ವಿ. ಆಸುಪಾಸು ದಾಟಿದೊಡನೆ ತೆಳುವಾದ ತಂತಿಗಳಿಂದ ಗಾಳಿಗೆ ಶಕ್ತಿ ನಷ್ಟವಾಗುವುದನ್ನು ಅಳೆದಿದ್ದರು. ಶಿವನಸಮುದ್ರದ ಲೈನ್ ಆ ಗಡಿಯ ಕೆಳಗೇ ಇತ್ತು.

ತೆಂಗಿನತೋಟ_ತಿಪಟೂರು

ಎಲ್ಲರಿಗೂ ಕೃತಜ್ಞತೆಗಳು. 11 ಕೆ.ವಿ. ಕಂಬದ ಬಗ್ಗೆ ದೂರು ದಾಖಲಿಸಿದ್ದೇನೆ, ಟವರಿನ ಸಂಖ್ಯೆಯನ್ನೂ ಬರೆದುಕೊಂಡಿದ್ದೇನೆ. ಬೇಲಿಯ ವಿಷಯ ಉಳಿದಿದೆ. ಬೇಲಿಯನ್ನು ಟವರಿನ ಕಾಲಿಗೇ ಒಂದು ತಂತಿಯಿಂದ ಕಟ್ಟಿಬಿಟ್ಟರೆ ಅರ್ಥಿಂಗ್ ಆದಂತಾಗುತ್ತದೆ ಎಂದು ಊರಿನ ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ಈ ಸದ್ದಿನಲ್ಲಿ ವ್ಯರ್ಥವಾಗುವ ವಿದ್ಯುತ್ ನಮ್ಮ ಮೀಟರಿಗೆ ಬೀಳುತ್ತದೆಯೇ ಎಂದೂ ಅಮ್ಮ ಕೇಳುತ್ತಿದ್ದಾರೆ.

ನಿವೃತ್ತ_ಪ್ರಸರಣ

ದಯವಿಟ್ಟು ಟವರಿಗೆ ಕಟ್ಟಬೇಡಿ. ಸಿಡಿಲು ಬಡಿದಾಗ ಅಥವಾ ಇನ್ಸುಲೇಟರ್ ವಿಫಲವಾಗಿ ಲೈನಿನ ವಿದ್ಯುತ್ ಟವರಿನ ಮೂಲಕ ನೆಲಕ್ಕಿಳಿಯುವಾಗ, ದೋಷವನ್ನು ಗುರುತಿಸುವ ರಿಲೇ ಎಂಬ ಸಾಧನ ಲೈನನ್ನು ಕಡಿಯುವ ಮುನ್ನ ಆ ಕ್ಷಣದಲ್ಲಿ ಟವರಿನ ಕಾಲು ಸಾವಿರಾರು ವೋಲ್ಟಿಗೆ ಏರಬಹುದು. ಬೇಲಿ ಅದಕ್ಕೆ ಕಟ್ಟಿಕೊಂಡಿದ್ದರೆ ಆ ವೋಲ್ಟೇಜು ತೋಟದ ಇನ್ನೊಂದು ತುದಿಯಲ್ಲಿ ಬೇಲಿ ಹಿಡಿದು ನಿಂತವರ ಕೈಗೆ ಬರುತ್ತದೆ.

ಬೇಲಿ ಜುಮ್ಮೆನ್ನಲು ಕರೋನಾ ಕಾರಣವಲ್ಲ. ಲೈನಿನ ಕ್ಷೇತ್ರದಲ್ಲಿ ನಿಂತ, ನೆಲಕ್ಕೆ ಸರಿಯಾಗಿ ಸೇರದ ಯಾವುದೇ ಲೋಹದ ಮೇಲೆ ವೋಲ್ಟೇಜು ಪ್ರೇರಿತವಾಗುತ್ತದೆ. ಒಣಗಿದ ಕಲ್ಲುಕಂಬ ವಿದ್ಯುತ್ತನ್ನು ನೆಲಕ್ಕಿಳಿಸುವುದಿಲ್ಲವಾದ್ದರಿಂದ ಬೇಲಿ ಆ ವೋಲ್ಟೇಜನ್ನು ಹಿಡಿದುಕೊಂಡಿರುತ್ತದೆ. ತಾವು ಮುಟ್ಟಿದಾಗ ಹರಿಯುವುದು ಸಾಮಾನ್ಯವಾಗಿ ಅತ್ಯಲ್ಪ. ಆದರೂ ಬೆಚ್ಚಿಬಿದ್ದು ಕೈಯಲ್ಲಿನ ಕತ್ತಿ ಜಾರಿದರೆ ಅದೇ ಅನಾಹುತ. ಆದ್ದರಿಂದ ಲೈನಿನ ಎರಡೂ ಬದಿಗಳಲ್ಲಿ, ಟವರಿನಿಂದ ಸಾಕಷ್ಟು ದೂರದಲ್ಲಿ, ಜಿ.ಐ. ಪೈಪನ್ನು ತೇವ ಉಳಿಯುವ ಆಳಕ್ಕೆ ಹೂಳಿಸಿ ಬೇಲಿಯ ಪ್ರತಿ ಎಳೆಯನ್ನೂ ಅದಕ್ಕೆ ಕ್ಲಾಂಪ್ ಹಾಕಿ ಸೇರಿಸಿ. ಬೇಲಿ ಲೈನಿಗೆ ಸಮಾನಾಂತರವಾಗಿ ಉದ್ದಕ್ಕೆ ಹೋಗಿದ್ದರೆ ಕಾಂತೀಯ ಪ್ರೇರಣೆಯೂ ಸೇರಿಕೊಳ್ಳುವುದರಿಂದ, ಅದನ್ನು ತುಂಡುತುಂಡಾಗಿ ಬೇರ್ಪಡಿಸಿ ಒಂದೊಂದು ತುಂಡಿಗೂ ಪ್ರತ್ಯೇಕ ಅರ್ಥಿಂಗ್ ಕೊಡಿಸುವುದು ಮೇಲು. ಬೇಲಿಗೆ ಝಟಕಾ ಯಂತ್ರ ಅಳವಡಿಸಿದ್ದರೆ ಈ ಯಾವುದನ್ನೂ ಮಾಡುವ ಮುನ್ನ ಅದನ್ನು ಲೈನಿನ ಕೆಳಗಿನ ಭಾಗದಿಂದ ಬೇರ್ಪಡಿಸಬೇಕು.

ಮಳೆಯಲ್ಲಿ ಲೈನಿನ ಕೆಳಗೆ ನಡೆದಾಡುವುದರಿಂದ, ಬಗ್ಗಿ ಕಳೆ ಕೀಳುವುದರಿಂದ ಕರೋನಾದ ಅಪಾಯವಿಲ್ಲ; ಸಿಡಿಲಿನದು ಬೇರೆ ಮಾತು. ನಾನು ಕಂಡ ದುರಂತಗಳೆಲ್ಲ ಎತ್ತರದ ಲೋಹದಿಂದ ಆದವು: ಅಲ್ಯೂಮಿನಿಯಂ ದೋಟಿಯಿಂದ ಕಾಯಿ ಇಳಿಸುವಾಗ, ತುಂತುರು ನೀರಾವರಿಯ ಪೈಪನ್ನು ನೆಟ್ಟಗೆ ಎತ್ತಿ ಒಳಗಿನ ಕಸ ಕೊಡವುವಾಗ, ಬೋರ್‌ವೆಲ್ಲಿನಿಂದ ಪೈಪು ಮೇಲೆತ್ತುವಾಗ. 220 ಕೆ.ವಿ. ತಂತಿ ನೆಲದಿಂದ ಕನಿಷ್ಠ 7 ಮೀಟರ್ ಎತ್ತರದಲ್ಲಿರಬೇಕೆಂಬುದು ನಿಯಮ. ಬೇಸಿಗೆಯ ಮಧ್ಯಾಹ್ನ ಲೋಡ್ ಹೆಚ್ಚಿ ತಂತಿ ಕಾದಾಗ ಎರಡು ಟವರುಗಳ ನಡುವೆ ಅದು ಕೆಳಕ್ಕೆ ಜೋತುಬೀಳುತ್ತದೆ. ಜೊತೆಗೆ ಈ ವೋಲ್ಟೇಜಿನಲ್ಲಿ ಪೈಪು ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೆ ಕಿಡಿ ತಾನಾಗಿ ಹಾರುತ್ತದೆ. ಕಾಯಿ ಇಳಿಸುವವರಿಗೆ ಇದನ್ನು ಪ್ರತಿ ಕೊಯ್ಲಿನಲ್ಲೂ ಹೇಳಿ, ಏಕೆಂದರೆ ಪ್ರತಿ ಸಲ ಬರುವವರು ಬೇರೆಯಾಗಿರುತ್ತಾರೆ.

ತಾಯಿಯವರಿಗೆ ನಿಶ್ಚಿಂತೆಯಿಂದಿರಲು ಹೇಳಿ. ಕರೋನಾದ ನಷ್ಟವೆಲ್ಲ ಉಪಕೇಂದ್ರಕ್ಕಿಂತ ಮುಂಚೆಯೇ ಆಗುವಂಥದ್ದು, ಮನೆಯ ಮೀಟರಿಗೆ ಅದು ಬರುವುದೇ ಇಲ್ಲ.